ಬೆಣ್ಣೆ ಅವನದು, ಹ್ಯಾಮು ಅವಳದು

ಮೆನಿಲ್ಮೊಂತಾನ್ ರಸ್ತೆ ಎಷ್ಟು ಕಡಿದಾದ ಏರು ಎಂದರೆ, ಮೇಲ್ತುದಿಯಲ್ಲಿ ಕಾಲು ಜಾರಿದ ಬೆಕ್ಕು ಎದ್ದು ನಿಲ್ಲುತ್ತಿದ್ದುದು ಕೆಳಗಿನ ಮೀನಂಗಡಿಯ ಬಾಗಿಲಲ್ಲೇ. ಅಲ್ಲಿನ ಬೆಕ್ಕುಗಳು ಬೇಕೆಂದೇ ಜಾರುತ್ತವೆ ಎಂದೂ ಜನ ಆಡಿಕೊಳ್ಳುತ್ತಿದ್ದರು. ಆ ಏರಿನ ನಟ್ಟನಡುವೆ, ಎಂಥವನಿಗೂ ಉಸಿರು ಕಟ್ಟುವ ಜಾಗದಲ್ಲಿ, ಫೆರ್ನಾಂದಳ ಅಪ್ಪ ಒಂದು ಕೆಫೆ ತೆರೆದಿದ್ದ. ಒವೆರ್ನ್ ಸೀಮೆಯಿಂದ ಪ್ಯಾರಿಸ್ಸಿಗೆ ಬಂದು ಮನೆಮನೆಗೆ ಕಲ್ಲಿದ್ದಲು ಹೊತ್ತ ಮನುಷ್ಯ. ಜನ ಎಲ್ಲಿ ಏದುಸಿರು ಬಿಡುತ್ತಾರೆ, ಎಲ್ಲಿ ಬಾಯಾರುತ್ತಾರೆ ಎನ್ನುವುದು ಅವನ ಬೆನ್ನಿಗೇ ಗೊತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಕೆಫೆ ಫೆರ್ನಾಂದಳ ಕೈಗೆ ಬಂತು. ಮರುವರ್ಷ ಕೊರಾಂತಿನ್ ಅವಳ ಕೈ ಹಿಡಿದ. ಬ್ರಿತಾನಿಯ ಕಡಲ ದಂಡೆಯವನು. ಅವನೂರಿನವರ ತಲೆಯನ್ನು ಅಲ್ಲಿನ ಬಂಡೆಯಿಂದಲೇ ಕಡೆದಿರುತ್ತಾರಂತೆ. ಒಮ್ಮೆ ನೆಲಮಾಳಿಗೆಯ ತೊಲೆಗೆ ಅವನು ಹಣೆ ಬಡಿದುಕೊಂಡಾಗ ಕರೆಸಬೇಕಾದದ್ದು ಬಡಗಿಯನ್ನು, ಡಾಕ್ಟರನ್ನಲ್ಲ. ಅವನ ಹಿಂದೆಯೇ ಅವನ ಅಮ್ಮನೂ ಒಂದು ವಾರಕ್ಕೆಂದು ಬಂದರು. ಇಪ್ಪತ್ತು ವರ್ಷ ಇದ್ದರು. ಕೆಫೆಯ ಮೇಲೆ ಇದ್ದುದು ಒಂದೇ ಕೋಣೆ. ನಡುವೆ ಹೂವಿನ ಚಿತ್ರದ ಪರದೆ ಕಟ್ಟಿ, ಆಚೆ ಅಮ್ಮ, ಈಚೆ ಮಗ ಸೊಸೆ ಮಲಗುತ್ತಿದ್ದರು. ಮುದುಕಿಯ ಗೊರಕೆಗೆ ಪರದೆಯ ಹೂವೆಲ್ಲ ಉದುರಿ ಹೋಗಿವೆ ಎಂದು ಫೆರ್ನಾಂದ್ ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದಳು. ಕೊರಾಂತಿನ್ನೂ ನಗುತ್ತಿದ್ದ.

ಕೆಫೆಯಲ್ಲಿ ತಿನ್ನಲು ಸಿಗುತ್ತಿದ್ದುದು ಒಂದೇ ತಿಂಡಿ. ಉದ್ದನೆಯ ಬ್ರೆಡ್ಡನ್ನು ಸೀಳಿ, ಬೆಣ್ಣೆ ಸವರಿ, ಬೇಯಿಸಿದ ಹ್ಯಾಮಿನ, ಅಂದರೆ ಹಂದಿತೊಡೆಯ ಮಾಂಸದ, ಎರಡು ಹೋಳು ಮಲಗಿಸಿ ಮುಚ್ಚಿದ ಸ್ಯಾಂಡ್‌ವಿಚ್. ಅದನ್ನು ನಾಲ್ಕು ಕೈ ಸೇರಿ ಮಾಡುತ್ತಿದ್ದವು. ಬ್ರೆಡ್ಡು, ಬೆಣ್ಣೆ ಅವನದು, ಹ್ಯಾಮು ಅವಳದು. ನಡುವೆ ಒಂದು ಅಮೃತಶಿಲೆಯ ಹಲಗೆ. ಕೊರಾಂತಿನ್ ಬ್ರೆಡ್ಡು ಸೀಳಿದರೆ ಸೀಳಿದ್ದು ಬ್ರೆಡ್ಡಿಗೇ ತಿಳಿಯುತ್ತಿರಲಿಲ್ಲ. ಬೆಣ್ಣೆಯನ್ನು ಈ ತುದಿಯಿಂದ ಆ ತುದಿಗೆ ಒಂದೇ ಎಳೆತದಲ್ಲಿ ಸವರಿ, ಹಲಗೆಯ ಮೇಲೆ ಸರ್ರನೆ ಅವಳತ್ತ ಜಾರಿಸುತ್ತಿದ್ದ. ಅವಳು ತಲೆಯೆತ್ತದೆ ಹಿಡಿಯುತ್ತಿದ್ದಳು. ಅವಳ ಹ್ಯಾಮಿನ ಹೋಳು ಎಷ್ಟು ತೆಳು ಎಂದರೆ, ಕನ್ನಡಕ ಮರೆತು ಬಂದ ವಕೀಲನೊಬ್ಬ ಅದನ್ನು ಕಣ್ಣಿಗೆ ಹಿಡಿದು ಇಡೀ ಪತ್ರಿಕೆ ಓದಿ ಮುಗಿಸಿ, ಆಮೇಲೆ ಅದನ್ನೂ ತಿಂದು ಹೋದನಂತೆ. ಇದು ಅಂಚೆಯವ ಅಶಿಲ್ ಹೇಳಿದ ಮಾತು. ಅಶಿಲ್ ಹೇಳಿದ್ದೆಂದರೆ ಅರ್ಧ ಬಿಟ್ಟು ಅರ್ಧದಲ್ಲಿ ಅರ್ಧ ನಂಬಬೇಕು. ಯುದ್ಧದಲ್ಲಿ ಪತ್ರ ಒಯ್ಯುತ್ತಿದ್ದ ಪಾರಿವಾಳಕ್ಕೆ ಸುಸ್ತಾಗಿ, ಅದನ್ನೂ ಪತ್ರವನ್ನೂ ತಾನೇ ಹೊತ್ತು ಮುಟ್ಟಿಸಿದೆ ಎಂದು ಆಣೆ ಹಾಕಿ ಹೇಳುವ ಮನುಷ್ಯ ಅವನು.

ಎಲ್ಲ ಕೆಟ್ಟದ್ದು ಈ ಅಶಿಲ್‌ಗೆ ಕೊಟ್ಟ ಒಂದು ಸ್ಯಾಂಡ್‌ವಿಚ್ಚಿನಿಂದಲೇ.

ಆ ಚಳಿಗಾಲದಲ್ಲಿ ಕೊರಾಂತಿನ್ನನ ಅಮ್ಮ ತೀರಿಕೊಂಡಿದ್ದರು. ಏಪ್ರಿಲ್ ತಿಂಗಳು, ಹನ್ನೆರಡಕ್ಕೆ ಹತ್ತು ನಿಮಿಷ. ಕೊರಾಂತಿನ್ ವೈನು ತರಲು ನೆಲಮಾಳಿಗೆಗೆ ಇಳಿದಿದ್ದ. ಅಶಿಲ್ ಕೌಂಟರಿಗೆ ಮೊಣಕೈ ಊರಿ ಕೇಳಿದ:

"ಯಜಮಾನಿ, ಒಂದೇ ಒಂದು ಮಿಡಿಸೌತೆ ಒಳಗೇ ಸೇರಿಸಿ ಕೊಡ್ತೀರಾ? ಒಂದು ಕೈಲಿ ಚೀಲ, ಒಂದು ಕೈಲಿ ಸ್ಯಾಂಡ್‌ವಿಚ್. ತಟ್ಟೇಲಿರೋದನ್ನ ನಾನೇನು ಕಾಲಲ್ಲಿ ಎತ್ಕೊಂಡು ತಿನ್ಲಾ?"

ವಿನಿಗರಿನಲ್ಲಿ ನೆನೆಸಿದ ಮಿಡಿಸೌತೆಯನ್ನು ಪಕ್ಕದ ತಟ್ಟೆಯಲ್ಲಿ ಕೊಡುವುದು ಆ ಕೆಫೆಯ ಪದ್ಧತಿ. ಒಳಗೆ ಇಡುವುದೆಂದರೆ ಕೊರಾಂತಿನ್ನನ ಮಟ್ಟಿಗೆ ಚರ್ಚಿನೊಳಗೆ ಕತ್ತೆ ಕಟ್ಟಿದ ಹಾಗೆ. ಆದರೆ ಅವನು ಕೆಳಗಿದ್ದ, ಅಶಿಲ್ ಹಸಿದಿದ್ದ. ಫೆರ್ನಾಂದ್ ಒಂದು ಮಿಡಿಯನ್ನು ಉದ್ದಕ್ಕೆ ಸೀಳಿ ಹ್ಯಾಮಿನ ಕೆಳಗೆ ಅಡಗಿಸಿ ಕೊಟ್ಟಳು. ಅಶಿಲ್ ಕಚ್ಚಿದ. ಕರುಂ ಎಂದಿತು.

ಹ್ಯಾಮು ಕರುಂ ಎನ್ನುವುದಿಲ್ಲ. ನೆಲಮಾಳಿಗೆಯ ಮೆಟ್ಟಿಲಲ್ಲಿದ್ದ ಕೊರಾಂತಿನ್ ಅಲ್ಲಿಂದಲೇ ಕೇಳಿಸಿಕೊಂಡ. ಮೇಲೆ ಬಂದ. ಅಶಿಲ್ಲನ ಕೈಯಿಂದ ಸ್ಯಾಂಡ್‌ವಿಚ್ ಕಿತ್ತು, ಬಿಡಿಸಿ, ಮಿಡಿಸೌತೆಯನ್ನು ಎರಡು ಬೆರಳಲ್ಲಿ ಎತ್ತಿ ಬೂದಿತಟ್ಟೆಗೆ ಹಾಕಿದ. ಕೆಫೆ ತುಂಬ ಜನ ನೋಡುತ್ತಿದ್ದರು.

"ಈ ಮನೇಲಿ ಬೆಣ್ಣೆ, ಹ್ಯಾಮು ಎರಡೇ ಮಲಗೋದು," ಎಂದ. "ಮಧ್ಯೆ ಮೂರನೆಯವರಿಗೆ ಜಾಗ ಇಲ್ಲ."

ಜನ ನಕ್ಕರು. ಎಲ್ಲರೆದುರು ತನ್ನ ಕೈಕೆಲಸವನ್ನು ಬೂದಿಗೆ ಹಾಕಿದ್ದು ಫೆರ್ನಾಂದಳಿಗೆ ಸಹಿಸಲಾಗಲಿಲ್ಲ. ನಾಲಿಗೆ ಅವಳಿಗಿಂತ ಮುಂಚೆ ಓಡಿತು.

"ಹೌದಾ? ನಿಮ್ಮಮ್ಮ ಇಪ್ಪತ್ತು ವರ್ಷ ನಮ್ಮ ಮಧ್ಯೆ ಮಲಗಿದ್ರಲ್ಲ, ಅವ್ರಿಗೆ ಎಲ್ಲಿತ್ತೋ ಜಾಗ? ಪುಣ್ಯಕ್ಕೆ ಈಗ ಮಣ್ಣಲ್ಲಿ ಸಿಕ್ತು!"

ಜನ ಇನ್ನೂ ಜೋರಾಗಿ ನಕ್ಕರು. ಕೊರಾಂತಿನ್ ನಗಲಿಲ್ಲ. ಸಿಟ್ಟೂ ಮಾಡಲಿಲ್ಲ. ಚಾಕುವನ್ನು ಬಟ್ಟೆಯಲ್ಲಿ ನಿಧಾನವಾಗಿ ಒರೆಸಿದ. ಹೊಸ ಬ್ರೆಡ್ಡು ಎತ್ತಿಕೊಂಡು ಸೀಳಿದ.

"ಅಶಿಲ್," ಎಂದ, "ಮದಾಮ್‌ಗೆ ಹೇಳಪ್ಪ. ಹನ್ನೆರಡು ಗಂಟೆ ಆಯ್ತು, ಹ್ಯಾಮು ಹೋಳು ಮಾಡ್ಲಿ ಅಂತ."

ಮದಾಮ್ ಅವನಿಂದ ಮೂರಡಿ ದೂರದಲ್ಲಿ ನಿಂತಿದ್ದಳು. ಅಶಿಲ್ ಅತ್ತ ನೋಡಿದ, ಇತ್ತ ನೋಡಿದ, ತನ್ನದೇ ತಪ್ಪೆಂದು ಕಿವಿ ಕೆಂಪು ಮಾಡಿಕೊಂಡು, "ಯಜಮಾನಿ, ಹ್ಯಾಮು..." ಎಂದ.

ಸಂಜೆಗೆ ಸರಿಹೋಗುತ್ತದೆ ಎಂದುಕೊಂಡಳು ಫೆರ್ನಾಂದ್. ಆಗಲಿಲ್ಲ. ಭಾನುವಾರಕ್ಕೆ ಎಂದುಕೊಂಡಳು. ಕ್ರಿಸ್ಮಸ್ಸಿಗೆ ಎಂದುಕೊಂಡಳು. ಆರು ವರ್ಷ ಹೋಯಿತು.

ಆರು ವರ್ಷ ಗಂಡ ಹೆಂಡತಿ ನೇರವಾಗಿ ಒಂದು ಮಾತೂ ಆಡಲಿಲ್ಲ. ಸ್ಯಾಂಡ್‌ವಿಚ್ ಮಾತ್ರ ನಿಲ್ಲಲಿಲ್ಲ. ಅವನು ಜಾರಿಸುತ್ತಿದ್ದ, ಅವಳು ಹಿಡಿಯುತ್ತಿದ್ದಳು. ಆ ಆರು ವರ್ಷದ ಸ್ಯಾಂಡ್‌ವಿಚ್ಚುಗಳನ್ನು ತುದಿಗೆ ತುದಿ ಇಟ್ಟಿದ್ದರೆ ಪ್ಯಾರಿಸ್ಸಿನಿಂದ ಬ್ರಿತಾನಿಯ ಕಡಲಿಗೆ ಹೋಗಿ, ಕಾಲು ತೊಳೆದುಕೊಂಡು, ವಾಪಸ್ಸು ಬರಬಹುದಿತ್ತು. ಮಾತುಗಳೆಲ್ಲ ಅಶಿಲ್ ಮೂಲಕ. ಮಿಡಿಸೌತೆ ತಿಂದ ತಪ್ಪಿಗೆ ಅವನು ಒಂದು ದಿನವೂ ತಪ್ಪಿಸದೆ ಬಂದು ಕೌಂಟರಿನಲ್ಲಿ ನಿಲ್ಲುತ್ತಿದ್ದ.

"ಅಶಿಲ್, ಮದಾಮ್‌ಗೆ ಹೇಳು, ಹ್ಯಾಮು ದಪ್ಪ ಬರ್ತಿದೆ. ನಾವಿಲ್ಲಿ ಚಪ್ಪಲಿ ಅಂಗಡಿ ಇಟ್ಟಿಲ್ಲ."

"ಅಶಿಲ್, ಮೊಸ್ಯೂಗೆ ಹೇಳಿ, ಬೆಣ್ಣೆ ಮೂಲೆ ತನಕ ಹೋಗಿಲ್ಲ. ಅವ್ರೂರಿನ ಬೆಣ್ಣೆಗೂ ಮಂಡಿನೋವು ಬಂತಾ ಕೇಳಿ."

"ನಾನು ಅಂಚೆಯವನು ಸ್ವಾಮಿ," ಅನ್ನುತ್ತಿದ್ದ ಅಶಿಲ್. "ಪತ್ರಕ್ಕೆ ಕವರಾದ್ರೂ ಇರುತ್ತೆ. ನೀವು ಬಿಚ್ಚಿದ್ದನ್ನೇ ಕೈಗೆ ಕೊಡ್ತೀರಿ."

ಗಿರಾಕಿಗಳು ಇಲ್ಲದಾಗ ಕೊರಾಂತಿನ್ ಕಾಫಿ ಯಂತ್ರದ ಜೊತೆ ಮಾತಾಡುತ್ತಿದ್ದ. "ನಾಳೆ ಬ್ರೆಡ್ಡು ಹತ್ತು ಹೆಚ್ಚು ಬೇಕು," ಎಂದು ಯಂತ್ರಕ್ಕೆ ಹೇಳುತ್ತಿದ್ದ. ಫೆರ್ನಾಂದ್ ಬೇಕರಿಗೆ ಹೋಗಿ ಹತ್ತು ಹೆಚ್ಚು ಹೇಳಿ ಬರುತ್ತಿದ್ದಳು. ಕಾಫಿ ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ಇಡೀ ಫ್ರಾನ್ಸಿನಲ್ಲಿ ಅವಳೊಬ್ಬಳೇ ಇರಬೇಕು.

ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ಆಡಿದ ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. 'ಮಣ್ಣಲ್ಲಿ ಸಿಕ್ತು' ಎಂದಾಗ ಅವನು ಚಾಕು ಒರೆಸಿದ ರೀತಿ ಅವಳ ಕಣ್ಣಿನಿಂದ ಹೋಗುತ್ತಿರಲಿಲ್ಲ. ಮುದುಕಿ ಕೆಟ್ಟವರಾಗಿರಲಿಲ್ಲ. ಪ್ಯಾರಿಸ್ಸಿನ ಬೆಣ್ಣೆ ಸಪ್ಪೆ ಎಂದು ಜೇಬಿನಲ್ಲಿ ಉಪ್ಪು ಇಟ್ಟುಕೊಂಡು ಓಡಾಡುತ್ತಿದ್ದರು, ಅಷ್ಟೇ. ಫೆರ್ನಾಂದಳಿಗೆ ಮಗು ನಿಲ್ಲದೆ ಹೋದಾಗ ನಲವತ್ತು ದಿನ ಬಿಸಿನೀರು ಕಾಯಿಸಿ ಕೊಟ್ಟವರು ಅವರೇ. ಇದನ್ನೆಲ್ಲ ಅವನಿಗೆ ಹೇಳಬೇಕು. ಅವನು ಒಂದು ಮಾತು, 'ಆಯ್ತು ಬಿಡು' ಅಂದರೆ ಸಾಕು. ಆದರೆ ಇದು ಅಶಿಲ್ ಕೈಲಿ ಹೇಳಿ ಕಳಿಸುವ ಮಾತಲ್ಲ. ಮತ್ತೆ, ಮೊದಲು ಬಾಯಿ ಬಿಡುವುದು ಯಾರು? ಒವೆರ್ನ್ ಸೀಮೆಯವರು ದುಡ್ಡು ಬಿಡುವುದಿಲ್ಲ ಎನ್ನುತ್ತಾರೆ, ಹಟ ಅದಕ್ಕಿಂತಲೂ ಬಿಗಿ. ಒಂದು ಭಾನುವಾರ ಬೆಳಿಗ್ಗೆ, ಕೆಫೆ ಮುಚ್ಚಿದ್ದಾಗ, ಅವಳೂ ಕಾಫಿ ಯಂತ್ರದ ಮುಂದೆ ನಿಂತು, "ಆವತ್ತು ನಾನು ಆಡಿದ್ದು..." ಎಂದು ಶುರುಮಾಡಿದ್ದಳು. ತಿರುಗಿ ನೋಡಿದರೆ ಅವನು ಆಗಲೇ ನೆಲಮಾಳಿಗೆ ಇಳಿದಿದ್ದ. ಯಂತ್ರ ಬುಸ್ಸೆಂದು ಒಂದಿಷ್ಟು ಹಬೆ ಬಿಟ್ಟಿತು.

ಏಳನೆಯ ವರ್ಷದ ಮಾರ್ಚಿನಲ್ಲಿ ಒಂದು ಮಂಗಳವಾರ. ಮಧ್ಯಾಹ್ನದ ಜನ ಇನ್ನೂ ಬಂದಿರಲಿಲ್ಲ. ಅಶಿಲ್ ಎಂದಿನಂತೆ ಕೌಂಟರಿನಲ್ಲಿದ್ದ. ಕೊರಾಂತಿನ್ ಬ್ರೆಡ್ಡು ಸೀಳಿ, ಬೆಣ್ಣೆ ಸವರಿ ಜಾರಿಸಿದ. ಫೆರ್ನಾಂದ್ ಕೈ ಚಾಚಿದಳು. ಬ್ರೆಡ್ಡು ಬರಲಿಲ್ಲ. ಹಲಗೆಯ ಅರ್ಧದಲ್ಲೇ ನಿಂತಿತ್ತು. ಬೆಣ್ಣೆಯೂ ಬ್ರೆಡ್ಡಿನ ಅರ್ಧಕ್ಕೇ ನಿಂತಿತ್ತು.

ಅವಳು ತಲೆಯೆತ್ತಲಿಲ್ಲ. "ಅಶಿಲ್, ಮೊಸ್ಯೂಗೆ ಹೇಳಿ," ಎಂದಳು. "ಬೆಣ್ಣೆ ಅರ್ಧ ದಾರೀಲಿ ಕೂತುಬಿಟ್ಟಿದೆ. ಅದೂ ಮುಷ್ಕರ ಹೂಡಿದ್ಯಾ ಅಂತ."

ಅಶಿಲ್ ಹೇಳಲಿಲ್ಲ. ಯಾಕೆಂದು ತಲೆಯೆತ್ತಿದಳು. ಕೊರಾಂತಿನ್ನನ ಚಾಕು ಬ್ರೆಡ್ಡಿಲ್ಲದ ಹಲಗೆಯ ಮೇಲೆ ಇನ್ನೂ ಸವರುತ್ತಿತ್ತು. ಅವನ ಮುಖದ ಬಲಭಾಗ ಕರಗಿದ ಮೇಣದ ಹಾಗೆ ಕೆಳಗೆ ಇಳಿದಿತ್ತು. ಅವನು ಅವಳನ್ನೇ ನೋಡುತ್ತಿದ್ದ. ಬಾಯಿ ತೆರೆದ, ಏನೋ ಹೇಳಲು. ಆಮೇಲೆ ಕುಸಿದ.

"ಕೊರಾಂತಿನ್!" ಎಂದು ಕಿರುಚಿದಳು. ಆರು ವರ್ಷದ ಮೇಲೆ ಅವನ ಹೆಸರು ಅವಳ ಬಾಯಲ್ಲಿ ಬಂದದ್ದು ಹಾಗೆ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವನು. ತಲೆಯಲ್ಲಿ ರಕ್ತನಾಳ ಒಡೆದಿದೆ, ಬಲಗೈ ಬಲಗಾಲು ಹೋಗಿದೆ, ಮಾತು ಹೋಗಿದೆ ಎಂದ.

"ಮಾತು ವಾಪಸ್ ಬರುತ್ತಾ?" ಕೇಳಿದಳು ಫೆರ್ನಾಂದ್.

"ಹೇಳೋಕಾಗಲ್ಲ ಮದಾಮ್. ನೀವು ಮಾತಾಡ್ತಾ ಇರಿ. ಮನೇಲಿ ಹೇಗೆ ಮಾತಾಡ್ತಿದ್ರೋ ಹಾಗೇ."

ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ ಅಶಿಲ್ ಕೆಮ್ಮಿದ.

ಅವಳು ಮಾತಾಡಿದಳು. ಕೆಫೆಗೆ ಬೀಗ ಹಾಕಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಮಂಚದ ಪಕ್ಕ ಕೂತು ಆರು ವರ್ಷದ ಮಾತನ್ನೆಲ್ಲ ಸುರಿದಳು. ಪಕ್ಕದ ಮಂಚದ ರೋಗಿ ಎರಡೇ ದಿನದಲ್ಲಿ ಹುಷಾರಾಗಿ ಮನೆಗೆ ಓಡಿಹೋದ. ಔಷಧಿಯಿಂದಲ್ಲ, ಫೆರ್ನಾಂದಳ ಬಾಯಿಂದ ತಪ್ಪಿಸಿಕೊಳ್ಳಲು ಎಂದು ದಾದಿಯರು ನಕ್ಕರು. ಯಾರು ಸತ್ತರು, ಯಾರ ಮಗಳು ಯಾರ ಜೊತೆ ಓಡಿದಳು, ಬೇಕರಿಯವನ ಹೊಸ ಹೆಂಡತಿ ಎಂಥವಳು, ಎಲ್ಲ ಹೇಳಿದಳು. ಕೊರಾಂತಿನ್ ಸೂರು ನೋಡುತ್ತಿದ್ದ. ಕೆಲವೊಮ್ಮೆ ಅವಳನ್ನು ನೋಡುತ್ತಿದ್ದ.

ನಾಲ್ಕನೆಯ ದಿನ ಆ ಮಾತಿಗೆ ಬಂದಳು.

"ಆವತ್ತು ನಿಮ್ಮಮ್ಮನ ವಿಷ್ಯ ನಾನು ಹಾಗನ್ನಬಾರ್ದಿತ್ತು," ಎಂದಳು. "ಜನ ನಗ್ತಿದ್ರು ಅಂತ ಅಂದ್ಬಿಟ್ಟೆ. ಅವ್ರು ಒಳ್ಳೆಯವ್ರು ಕಣೋ. ಗೊರಕೆ ಹೊಡೀತಿದ್ರು, ಅದು ಬೇರೆ ಮಾತು. ನನ್ನ ಮಗು ಹೋದಾಗ ನನ್ನ ಜೊತೆ ಅತ್ತಿದ್ದು ಅವ್ರೊಬ್ರೇ. ನೀನೂ ಅಳ್ಲಿಲ್ಲ. ನೀನು ಕೆಳಗೆ ಹೋಗಿ ಸೀಸೆ ಎಣಿಸ್ತಿದ್ದೆ. ಕೇಳಿಸ್ತಿದ್ಯಾ? ಕೊರಾಂತಿನ್?"

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಸಿಟ್ಟಿಗೋ, ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚಿತೋ. ಅವಳು ಎದ್ದು ಕಿಟಕಿಯ ಪರದೆ ಎಳೆದಳು. ಅವನು ಮುಖ ಈಚೆ ತಿರುಗಿಸಲಿಲ್ಲ. ಪರದೆ ತೆಗೆದು ನೋಡಿದಳು. ಆಗಲೂ ಇಲ್ಲ. ದಾದಿ ಬಂದು, "ಇವ್ರ ಕತ್ತು ತಾನಾಗೇ ಆ ಕಡೆ ವಾಲುತ್ತೆ ಮದಾಮ್," ಎಂದು ಎರಡು ಕೈಯಿಂದ ಮುಖವನ್ನು ಈ ಕಡೆ ಮಾಡಿ, ದಿಂಬು ಒತ್ತಿ ಹೋದಳು. ಈಗ ಅವನು ಅವಳನ್ನು ನೋಡುತ್ತಿದ್ದ. ಆದರೆ ದಾದಿ ತಿರುಗಿಸಿದ್ದು.

ಒಂಬತ್ತನೆಯ ದಿನ ಫೆರ್ನಾಂದ್ ಚೀಲದಲ್ಲಿ ಬ್ರೆಡ್ಡು, ಬೆಣ್ಣೆ, ಕಾಗದದಲ್ಲಿ ಸುತ್ತಿದ ಹ್ಯಾಮು ತಂದಳು. ದಾದಿ ಬಾಗಿಲಲ್ಲೇ ಹಿಡಿದಳು.

"ಅವ್ರಿಗೆ ಗಂಜಿ ನುಂಗೋಕೇ ಆಗ್ತಿಲ್ಲ, ನೀವು ಬ್ರೆಡ್ಡು ತಂದಿದೀರಾ! ಗಂಟಲಲ್ಲಿ ಸಿಕ್ಕೊಂಡ್ರೆ?"

"ತಿನ್ನೋಕಲ್ಲ ತಾಯಿ," ಎಂದಳು ಫೆರ್ನಾಂದ್. "ಮಾಡೋಕೆ."

ದಾದಿಗೆ ಅರ್ಥವಾಗಲಿಲ್ಲ, ಆದರೆ ಬಿಟ್ಟಳು. ಜೊತೆಗೆ ಬಂದಿದ್ದ ಅಶಿಲ್ ಕೊರಾಂತಿನ್ನನನ್ನು ಹಿಡಿದು ಕೂರಿಸಿದ. ಫೆರ್ನಾಂದ್ ಊಟದ ಹಲಗೆಯನ್ನು ಮಂಚದ ಮೇಲೆ ಇಟ್ಟು, ಬ್ರೆಡ್ಡನ್ನು ತಾನೇ ಸೀಳಿ, ಬೆಣ್ಣೆಯನ್ನು ಮುಂದಿಟ್ಟು, ಚಾಕುವನ್ನು ಅವನ ಎಡಗೈಗೆ ಕೊಟ್ಟಳು. ಬಾಯಿ ಮರೆತರೂ ಕೈ ಮರೆಯುವುದಿಲ್ಲ ಎಂದು ಅವಳ ಲೆಕ್ಕ. ಅವನು ಸವರಿ ಈ ಕಡೆ ಜಾರಿಸಿದರೆ ಸಾಕು. ಆರು ವರ್ಷ ಅದೊಂದೇ ತಾನೆ ಅವರ ನಡುವೆ ಇದ್ದ ಮಾತು. ಸಿಟ್ಟು ಹೋಗಿದೆ ಎಂದೇ ತಿಳಿದುಕೊಳ್ಳುತ್ತಿದ್ದಳು. ಕೈ ಚಾಚಿ ಕಾದಳು.

ಕೊರಾಂತಿನ್ ಚಾಕುವನ್ನು ನೋಡಿದ. ಬ್ರೆಡ್ಡನ್ನು ನೋಡಿದ. ಚಾಕುವಿನ ಹಿಡಿಯನ್ನು ಬೆಣ್ಣೆಯಲ್ಲಿ ಚುಚ್ಚಿದ. ಅಲಗಿನ ಕಡೆ ಹಿಡಿದಿದ್ದ. ಇದೇನು, ಇದನ್ನು ಯಾಕೆ ನನ್ನ ಕೈಗೆ ಕೊಟ್ಟರು ಎನ್ನುವ ಹಾಗೆ ಅಶಿಲ್‌ನ ಮುಖ ನೋಡಿದ. ಫೆರ್ನಾಂದ್ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚಾಕು ತೆಗೆದುಕೊಂಡಳು. ಅವನ ಎಡಗಣ್ಣಿನಿಂದ ನೀರು ಇಳಿಯಿತು. ಈ ಕಾಯಿಲೆಯಲ್ಲಿ ಕಣ್ಣು ತಾನಾಗೇ ಸೋರುತ್ತದೆ ಎಂದು ಚಿಕ್ಕ ಡಾಕ್ಟರು ಮೊದಲೇ ಹೇಳಿದ್ದ.

ಅವಳು ಎಲ್ಲವನ್ನೂ ಮತ್ತೆ ಕಾಗದದಲ್ಲಿ ಸುತ್ತಿದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಅವಳಿಗೆ ಬಸ್ಸು ತಪ್ಪಿತು. ಇಪ್ಪತ್ತು ನಿಮಿಷ ತಡ. ಅಷ್ಟರಲ್ಲಿ ಕೊರಾಂತಿನ್ ಹೋಗಿದ್ದ. ಪತ್ರ ಹಂಚುವ ಮುಂಚೆ ನೋಡಿ ಹೋಗೋಣ ಎಂದು ಬಂದಿದ್ದ ಅಶಿಲ್ ಒಬ್ಬನೇ ಪಕ್ಕದಲ್ಲಿದ್ದ. ರಾತ್ರಿಯಿಂದ ಕಣ್ಣೇ ಬಿಟ್ಟಿರಲಿಲ್ಲ, ನಿದ್ದೆಯಲ್ಲೇ ಉಸಿರು ನಿಂತಿತು, ನೋವಿರಲಿಲ್ಲ ಎಂದು ದಾದಿ ಅವಳ ಭುಜ ಹಿಡಿದು ಹೇಳಿದಳು.

ಮಣ್ಣಾದ ಮೂರನೆಯ ದಿನ ಫೆರ್ನಾಂದ್ ಕೆಫೆ ತೆರೆದಳು. ಕೂತು ಅಳುವುದಕ್ಕೂ ಮೇಲಿನ ಕೋಣೆಯಲ್ಲಿ ಜಾಗ ಸಾಲದು ಅನ್ನಿಸಿತು. ಬ್ರೆಡ್ಡು ಸೀಳಿದಳು, ಅಂಕುಡೊಂಕಾಗಿ ಬಂತು. ಬೆಣ್ಣೆ ಸವರಿದಳು, ಬ್ರೆಡ್ಡಿನ ತಿರುಳೇ ಕಿತ್ತು ಬಂತು. ಇಪ್ಪತ್ತೇಳು ವರ್ಷ ಪಕ್ಕದಲ್ಲೇ ನಡೆದ ಕೆಲಸ, ಒಂದು ದಿನವೂ ತಿರುಗಿ ನೋಡಿರಲಿಲ್ಲ. ಅವನು ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ ಬೆಣ್ಣೆ ಹಚ್ಚಿ, ತನ್ನ ಜಾಗಕ್ಕೆ ಬಂದು ಹ್ಯಾಮು ಇಡುತ್ತಿದ್ದಳು. ಒಂದೇ ಕಡೆ ನಿಂತು ಮಾಡಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ.

ಅಶಿಲ್ ಬಂದ. ಟೋಪಿ ತೆಗೆದು ಕೌಂಟರಿನ ಮೇಲಿಟ್ಟ. ಅವಳು ಗ್ಲಾಸಿಗೆ ವೈನು ಸುರಿದು ಅವನ ಮುಂದಿಟ್ಟಳು.

"ಅಶಿಲ್," ಎಂದಳು. "ಕೊನೇಲಿ ನೀವಿದ್ರಲ್ಲ. ಏನಾದ್ರೂ ಅಂದನಾ?"

ಪಾರಿವಾಳವನ್ನು ಹೊತ್ತುಕೊಂಡು ಹೋಗಿದ್ದ ಮನುಷ್ಯ ಬಾಯಿ ತೆರೆದ, ಮುಚ್ಚಿದ, ಗ್ಲಾಸಿನಲ್ಲಿದ್ದ ವೈನನ್ನು ನೋಡಿದ.

"ಅಂದ್ರು, ಯಜಮಾನಿ," ಎಂದ.

"ಏನಂದ?"

"'ಫೆರ್ನಾಂದ್,' ಅಂದ್ರು. 'ಫೆರ್ನಾಂದ್‌ಗೆ ಹೇಳು, ನಂಗೆ ಯಾವ ಸಿಟ್ಟೂ ಇಲ್ಲ' ಅಂದ್ರು. ನಿಧಾನಕ್ಕೆ ಅಂದ್ರು. ಆದ್ರೆ ಸ್ಪಷ್ಟವಾಗಿ."

ಫೆರ್ನಾಂದ್ ಅವನ ಮುಖವನ್ನೇ ನೋಡಿದಳು. ಕೊರಾಂತಿನ್ ಅವಳನ್ನು ಫೆರ್ನಾಂದ್ ಎಂದು ಒಂದು ದಿನವೂ ಕರೆದವನಲ್ಲ. ಜಗಳಕ್ಕೆ ಮುಂಚೆ, ಮೇಲಿನ ಕೋಣೆಯಲ್ಲಿ, ಅಮ್ಮನಿಗೆ ಕೇಳಬಾರದೆಂದು ಕಿವಿಯ ಹತ್ತಿರ ಬಂದು, "ಕೋಳಿಮರಿ" ಎನ್ನುತ್ತಿದ್ದ. ಮದುವೆಯ ದಿನದಿಂದ ಅದೇ ಹೆಸರು. ಅದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ.

"ಹೌದಾ?" ಎಂದಳು. "ಇನ್ನೇನಂದ?"

ಅಶಿಲ್‌ಗೆ ಧೈರ್ಯ ಬಂತು. ಇನ್ನೂ ಎರಡು ಮಾತು ಸೇರಿಸಿದ. ಮಾರನೆಯ ದಿನ ಇಬ್ಬರು ಗಿರಾಕಿಗಳ ಮುಂದೆ ಇನ್ನೂ ನಾಲ್ಕು. ವಾರ ಕಳೆಯುವಷ್ಟರಲ್ಲಿ ಕೊರಾಂತಿನ್ ಸಾಯುವ ಗಳಿಗೆಯಲ್ಲಿ ಹೆಂಡತಿಯ ಹ್ಯಾಮಿನ ಹೋಳನ್ನು ಹೊಗಳಿದ್ದ. ಈಸ್ಟರ್ ಹಬ್ಬದ ಹೊತ್ತಿಗೆ ಮಂಚದಲ್ಲಿ ತಾನಾಗಿ ಎದ್ದು ಕೂತು, ದಾದಿಯರನ್ನೆಲ್ಲ ಕರೆದು ನಿಲ್ಲಿಸಿ, ಬ್ರಿತಾನಿಯಿಂದ ಪ್ಯಾರಿಸ್ಸಿನವರೆಗೆ ಇಂಥ ಹೆಂಗಸು ಇನ್ನೊಬ್ಬಳಿಲ್ಲ ಎಂದು ಭಾಷಣ ಮಾಡಿದ್ದ. ಡಾಕ್ಟರು ಕಣ್ಣು ಒರೆಸಿಕೊಂಡಿದ್ದ.

ಒಂದು ದಿನ ಹೊಸಬನೊಬ್ಬ, ಎದುರುಮನೆಗೆ ಬಣ್ಣ ಬಳಿಯಲು ಬಂದವನು, ನಡುವೆ ಬಾಯಿ ಹಾಕಿದ.

"ಅಲ್ರೀ, ಆ ಮನುಷ್ಯಂಗೆ ಮಾತೇ ಹೋಗಿತ್ತು ಅಂತ ಬೇಕರಿಯವ್ನು ಅಂದ!"

ಅಶಿಲ್ ನಾಲಿಗೆ ಕಚ್ಚಿಕೊಂಡ. ಹಲಗೆಯ ಆಚೆಯಿಂದ ಫೆರ್ನಾಂದ್ ಚಾಕು ಕೆಳಗಿಡದೆ ಕೇಳಿದಳು:

"ನೀವು ಅಲ್ಲಿದ್ರಾ ಮೊಸ್ಯೂ?"

"ಇಲ್ಲ..."

"ಅಶಿಲ್ ಇದ್ರು. ನೀವು ಬಾಯಿಗೆ ಬ್ರೆಡ್ಡು ಹಾಕ್ಕೊಳ್ಳಿ. ಅಶಿಲ್, ಮುಂದೆ ಹೇಳಿ."

ಅಶಿಲ್ ಮುಂದೆ ಹೇಳಿದ. ಅವಳು ತಲೆ ಬಗ್ಗಿಸಿ ಹ್ಯಾಮು ಹೋಳು ಮಾಡುತ್ತ ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ದಿನವೂ ಹಾಗೇ ಕೇಳಿಸಿಕೊಳ್ಳುತ್ತಿದ್ದಳು. ಇಷ್ಟೊಂದು ಸುಳ್ಳು ಹೇಳುವವನು. ಹೇಳುತ್ತ ಹೇಳುತ್ತ ಯಾವತ್ತಾದರೂ ಒಂದು ದಿನ, ತನಗೇ ಗೊತ್ತಿಲ್ಲದೆ, ಅವನ ಬಾಯಿಂದ ಮೇಲಿನ ಕೋಣೆಯ ಆ ಹೆಸರು ಬಿದ್ದರೂ ಬೀಳಬಹುದು ಎಂದು.